ಲಕ್ಷ ಕೋಟಿಯಲ್ಲಿ ಒಂದು

ಸಿಮೆಂಟು, ಫರಸಿ, ತೊಗರಿ ರಾಶಿ, ಈ ಮೂರರ ದೂಳನ್ನೂ ಕುಡಿದು ಸೇಡಂ ಬಳಿಯ ಕುರಕುಂಟಾದಲ್ಲಿ ಬೆಳೆದ ನನ್ನನ್ನು ಬೆಂಗಳೂರಿನ ಪ್ರಯೋಗಾಲಯವೊಂದು ಯಾವ ಧೈರ್ಯದ ಮೇಲೆ ಲೇಸರ್ ಕೋಣೆಯೊಳಗೆ ಬಿಟ್ಟಿತೋ! ಅಲ್ಲಿ ಅಳೆಯಬೇಕಾದದ್ದು ನೈಟ್ರೇಟ್ ರ‍್ಯಾಡಿಕಲ್. ಅದು ರಾತ್ರಿ ಸಂಚಾರಿ, ಬಿಸಿಲು ತಾಗಿದರೆ ಕೆಲವೇ ಸೆಕೆಂಡಿನಲ್ಲಿ ಚೂರು. ಇರುಳಲ್ಲೂ ಗಾಳಿಯ ಲಕ್ಷ ಕೋಟಿ ಅಣುಗಳ ನಡುವೆ ಕೆಲವೇ ಕೆಲವು ಸಿಕ್ಕಾವು.

ಹಿಡಿಯುವ ಉಪಾಯ ಮಾತ್ರ ಸೊಗಸು. ಮೀಟರ್ ಉದ್ದದ ಕೊಳವೆ, ಎರಡೂ ತುದಿಗೆ ಕನ್ನಡಿ. ಬಿದ್ದ ಬೆಳಕಿನಲ್ಲಿ ನೂರಕ್ಕೆ 99.998 ಪಾಲನ್ನು ಹಿಂದಕ್ಕಟ್ಟುವ ಕನ್ನಡಿ! 662 ನ್ಯಾನೊಮೀಟರಿನ ಕೆಂಪು ಬೆಳಕು ಅವುಗಳ ನಡುವೆ ಓಡಾಡಿ, ಮೂರರಲ್ಲೊಂದು ಪಾಲಿಗೆ ಕುಗ್ಗುವಷ್ಟರಲ್ಲಿ ಸುಮಾರು 50 ಕಿಲೋಮೀಟರ್ ನಡೆದಿರುತ್ತದೆ. ಸೇಡಂನಿಂದ ಹೊರಟರೆ ಕಲಬುರಗಿ ಹತ್ತಿರ ಬಂತು. ದಾರಿಯಲ್ಲಿ ರ‍್ಯಾಡಿಕಲ್ ಇದ್ದರೆ ತುಸು ಬೇಗ ಆರುತ್ತದೆ, ಆ ‘ತುಸು’ವೇ ಅಳತೆ. ಮೈಸೂರಿನಲ್ಲಿ ಓದಿ ಅಮೆರಿಕಕ್ಕೆ ಹೋದ ಎ. ಆರ್. ರವಿಶಂಕರ ಮತ್ತು ಸಂಗಡಿಗರು 2002ರ ಹೊತ್ತಿಗೇ ಇದನ್ನು ಹೊರಗಿನ ಗಾಳಿಯಲ್ಲಿ ಮಾಡಿ ತೋರಿಸಿದ್ದರು. ನನಗೇನು ಧಾಡಿ ಅಂದುಕೊಂಡೆ.

ಕನ್ನಡಿಯ ಮೇಲೊಂದು ಕಣ ಕಂಡಿತು. ನೀವಾದರೂ ಏನು ಮಾಡುತ್ತಿದ್ದಿರಿ? ಅಂಗಿಯ ಚುಂಗಿನಿಂದ ಒರೆಸಿದೆ. ಬೆಳಕು ಕಲಬುರಗಿ ಇರಲಿ, ಊರ ಅಗಸಿಯನ್ನೂ ದಾಟಲಿಲ್ಲ. ಹೊಸ ಕನ್ನಡಿಯ ಬೆಲೆ ಕೇಳಿ ರಾತ್ರಿ ಊಟ ಸೇರಲಿಲ್ಲ. ಇನ್ನು ಸ್ವಚ್ಛತೆಯಲ್ಲಿ ಕಸರು ಬೇಡವೆಂದು ಗಾಜಿನ ಕೊಳವೆಯನ್ನು ಅವ್ವ ಹಬ್ಬಕ್ಕೆ ಭಾಂಡೆ ತಿಕ್ಕಿದ ಹಾಗೆ ತಿಕ್ಕಿದೆ, ಒಳಗಿನ ಟೆಫ್ಲಾನ್ ಲೇಪ ಎದ್ದು ಬರುವ ತನಕ. ಬರಿಗಾಜಿಗೆ ತಾಗಿದ ರ‍್ಯಾಡಿಕಲ್ ಅಲ್ಲೇ ಮುಗಿಯಿತು. ಎಣಿಸಲು ಹೋದವನು ವಂಶನಾಶವನ್ನೇ ಮಾಡಿ ಕೂತಿದ್ದೆ.

ಕೊನೆಗೊಂದು ರಾತ್ರಿ ಪರದೆಯ ಮೇಲೆ ಬೆಳಕಿನ ಗೆರೆ ಗಪ್ಪನೆ ಇಳಿಯಿತು. ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಯಾರೂ ಕಾಣದಷ್ಟು ರ‍್ಯಾಡಿಕಲ್! ಲ್ಯಾಬಿಗೆಲ್ಲ ಪೇಢೆ, ಊರಿಗೆ ಫೋನು. ಬೆಳಗಾಗುವಷ್ಟರಲ್ಲಿ ವಾಡಿಯ ಸೋದರಮಾವ, ಚಿಂಚೋಳಿಯ ಅತ್ತಿ, ಶಹಾಬಾದಿನ ಗೆಳೆಯರಿಗೆಲ್ಲ ಸುದ್ದಿ. ಬ್ಯಾನರ್ ಕಟ್ಟಿಸುವ ಮಾತೆದ್ದಾಗ ಬೇಡ ಅನ್ನಬಾರದೆ? ಒಳ್ಳೆಯ ಫೋಟೋ ಆರಿಸಿ ನಾನೇ ಕಳಿಸಿದೆ.

ನನ್ನ ಸಂಶೋಧನೆಯ ಗೈಡ್ ಬಂದರು. ಪೇಢೆ ಬಾಯಲ್ಲಿಟ್ಟುಕೊಂಡೇ ಓಝೋನಿನ ವಾಲ್ವ್ ಮುಚ್ಚಿದರು. ರ‍್ಯಾಡಿಕಲ್ ಹುಟ್ಟುವ ದಾರಿಯೇ ಬಂದ್ ಆಯಿತು, ಸಿಗ್ನಲ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊಳವೆಯ ತುದಿಯ ತಿರುಪನ್ನು ನಾನು ಬಿಗಿದಿರಲೇ ಇಲ್ಲ. ಮಳೆಗಾಲದ ತೇವಗಾಳಿ ಧಾರಾಳವಾಗಿ ಒಳಗೆ ಬಂದಿತ್ತು, 662ರ ಆಸುಪಾಸಿನಲ್ಲಿ ನೀರಾವಿಯೂ ಬೆಳಕು ಹೀರುತ್ತದೆ.

ಸಂಜೆ ಅವ್ವನ ಫೋನು.

“ಏನೋ ಸಿಕ್ಕಾದಂತ ಹೇಳಿದ್ದೆಲ್ಲಪಾ, ಏನದು?”

“ನೀರವ್ವ.”

“ನೀರ್ ಹಿಡ್ಯಾಕ ಬೆಂಗ್ಳೂರತನಕ ಹೋಗಬೇಕಾತೇನ್? ಇಲ್ಲಿ ನಳ ಬಂದಾದ, ಕೊಡ ಎಲ್ಲಾ ಖಾಲಿ ಅವ, ಬಾ.”