ಭಾವನವರ ತಕ್ಕಡಿ

ನಮ್ಮ ಮನೆಯ ಲ್ಯಾಪ್‌ಟಾಪ್ ಕಣ್ಣು ಮುಚ್ಚಿದ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿ ಅವಳ ಅಕ್ಕನಿಗೆ ಹೇಳಿದ್ದಳು, ಅಷ್ಟೇ. ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಭಾವ ಬಾಗಿಲಲ್ಲಿದ್ದರು. ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು, ಹೆಗಲಿಗೆ ಬಟ್ಟೆಚೀಲ. ಸಾವಿನ ಮನೆಗೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, "ಎಷ್ಟು ವರ್ಷ ಆಗಿತ್ತು?" ಅಂದರು.

"ಒಂಬತ್ತು."

"ತುಂಬಿದ ಆಯಸ್ಸು ಬಿಡಿ," ಎನ್ನುತ್ತಾ ಕಾಫಿ ಲೋಟಕ್ಕೆ ಕೈ ಚಾಚಿದರು. "ಇನ್ನು ಮುಂದಿನದು ನೋಡೋಣ. ಲ್ಯಾಪ್‌ಟಾಪೇ ತಗೋತೀರೋ, ಟೂ ಇನ್ ಒನ್ನೋ?"

ನಾನು 'ಗೊತ್ತಿಲ್ಲ' ಅಂದುಬಿಟ್ಟೆ. ನನ್ನ ಆಯಸ್ಸಿನ ಐದು ತಿಂಗಳು ಹೋದದ್ದು ಹಾಗೆ.

ಪ್ರತಿ ಬಳಗದಲ್ಲೂ ಹೀಗೊಬ್ಬರು 'ಕೊಡಿಸುವವರು' ಇರುತ್ತಾರೆ. ಹಿಂದೆ ಇವರೇ ಮಿಕ್ಸಿ ಕೊಡಿಸುತ್ತಿದ್ದರು, ಸ್ಕೂಟರಿಗೆ ಬುಕ್ ಮಾಡಿಸುತ್ತಿದ್ದರು, ವರ ಎಂಥವನು ಅಂತ ವಿಚಾರಿಸಿಕೊಂಡು ಬರುತ್ತಿದ್ದರು. ಸ್ವಂತಕ್ಕೆ ಇವರು ಏನೂ ಕೊಳ್ಳುವುದಿಲ್ಲ. ಅಂಗಡಿಯವರಿಗೆ ಇವರನ್ನು ಕಂಡರೆ ಭಯ, ಇವರಿಗೆ ಬೋರ್ಡಿನ ಮೇಲಿನ 'ಫಿಕ್ಸೆಡ್ ರೇಟ್' ಕಂಡರೆ ನಗು. ನಮ್ಮ ಭಾವ, ಲೆಕ್ಕಕ್ಕೆ ನನ್ನ ಷಡ್ಡಕರು, ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವರು. ಜಾಮೀನಿಲ್ಲದ ಮಾತನ್ನು ನಂಬುವವರಲ್ಲ.

"ನೀವು ಎಲ್ಲಿ ಕೂತು ಬರೀತೀರಿ?"

"ಮೇಜಿನ ಹತ್ತಿರ," ಅಂದೆ, ಸಾಹಿತಿಯ ಗತ್ತಿನಲ್ಲಿ.

"ಮಂಚದ ಮೇಲೆ, ಗೋಡೆಗೆ ಒರಗಿ, ಕಾಲು ಚಾಚಿಕೊಂಡು," ಅಂತ ಅಡುಗೆಮನೆಯಿಂದ ನಿಜ ಬಂತು.

ಭಾವ ಬರೆದುಕೊಂಡರು. ಆಮೇಲೆ ಚೀಲದಿಂದ ಟೈಲರ್ ಟೇಪು ತೆಗೆದು ನನ್ನ ತೊಡೆ ಅಳೆದರು. ಟೂ ಇನ್ ಒನ್‌ನಲ್ಲಿ ಎರಡು ಜಾತಿಯಂತೆ. ಒಂದು ಮಡಚುವುದು: ಕೀಲು ಪೂರ್ತಿ 360 ಡಿಗ್ರಿ ತಿರುಗಿ ಪರದೆ ಬೆನ್ನಿಗೆ ಹೋಗಿ ಕೂರುತ್ತದೆ, ಲೆನೊವೊದ ಯೋಗ 2012ರಲ್ಲಿ ಬಂತಲ್ಲ, ಹಾಗೆ. ಇನ್ನೊಂದು ಬಿಚ್ಚುವುದು: ಪರದೆಯೇ ಕಂಪ್ಯೂಟರು, ಕೀಬೋರ್ಡು ಬರೀ ಒಂದು ಹಾಳೆ. ಪ್ರೊಸೆಸರು, ಬ್ಯಾಟರಿ ಎಲ್ಲ ತಲೆಯಲ್ಲೇ ಇರುವುದರಿಂದ ಅದಕ್ಕೆ ಬೆನ್ನ ಹಿಂದೆ ಒಂದು ಊರುಗಾಲು ಬೇಕು. ಆ ಊರುಗಾಲಿಗೂ ಕೀಬೋರ್ಡಿಗೂ ಸೇರಿ ತೊಡೆಯ ಮೇಲೆ ಜಾಗ ಬೇಕು.

"ನಿಮ್ಮದು ಸಾಲಲ್ಲ," ಅಂದರು, ಅರ್ಜಿ ತಿರಸ್ಕರಿಸುವ ದನಿಯಲ್ಲಿ. "ಊರುಗಾಲು ಮಂಡಿ ದಾಟಿ ಆಚೆ ಬೀಳುತ್ತೆ."

ಕುಳ್ಳ ಅಂತ ನನ್ನನ್ನು ತುಂಬಾ ಜನ ಅಂದಿದ್ದಾರೆ. ಕಂಪ್ಯೂಟರಿನ ದೃಷ್ಟಿಯಿಂದ ಅಂದವರು ಇವರೊಬ್ಬರೇ.

ಆದರೂ ಟೂ ಇನ್ ಒನ್ ಆಸೆ ನನ್ನಲ್ಲಿ ಹುಟ್ಟಿಯಾಗಿತ್ತು. ಪರದೆ ಬಿಚ್ಚಿಕೊಂಡು ಬಾಲ್ಕನಿಯಲ್ಲಿ ಓದಬಹುದು, ಪೆನ್ನು ಹಿಡಿದು ಅದರ ಮೇಲೇ ಕರಡು ತಿದ್ದಬಹುದು ಎಂದೆಲ್ಲ ಕನಸು. ಹಾಗಂತ ಬಾಯಿಬಿಟ್ಟಾಗ ಭಾವ ಒಂದೇ ಮಾತು ಕೇಳಿದರು: "ಮದುವೇಲಿ ಕೊಟ್ಟಿದ್ದ ಟೂ ಇನ್ ಒನ್ ಏನಾಯ್ತು?"

ಹೌದಲ್ಲ! ನಮ್ಮ ಕಾಲದಲ್ಲಿ ಟೂ ಇನ್ ಒನ್ ಅಂದರೆ ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿ. ಕ್ಯಾಸೆಟ್ ಸುತ್ತಿಕೊಂಡು ಪೆಟ್ಟಿಗೆ ರಿಪೇರಿಗೆ ಹೋದರೆ ಅದರ ಜೊತೆ ಪ್ರದೇಶ ಸಮಾಚಾರವೂ ಹೋಗುತ್ತಿತ್ತು.

ಚರಿತ್ರೆ ಶುರು ಮಾಡಿದರೆ ಭಾವ ಊಟದ ಹೊತ್ತಿಗೆ ಮುಂಚೆ ನಿಲ್ಲಿಸುವುದಿಲ್ಲ. 2001ರಲ್ಲಿ ಬಿಲ್ ಗೇಟ್ಸ್, ಇನ್ನೈದು ವರ್ಷದಲ್ಲಿ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಪಿಸಿ ಟ್ಯಾಬ್ಲೆಟ್ಟೇ ಆಗುತ್ತದೆ ಅಂದದ್ದು. ಹಾಗೇನೂ ಆಗದೇ ಹೋದದ್ದು. 2012ರ ಏಪ್ರಿಲ್‌ನಲ್ಲಿ ಆಪಲ್‌ನ ಟಿಮ್ ಕುಕ್, ಬ್ರೆಡ್ ಸುಡುವ ಟೋಸ್ಟರಿಗೆ ಫ್ರಿಜ್ಜು ಕೂಡಿಸಿದರೆ ಕೊಂಡವರಿಗೆ ಖುಷಿಯಾಗಲಿಕ್ಕಿಲ್ಲ ಅಂತ ಈ ಮಿಶ್ರತಳಿಯನ್ನು ಗೇಲಿ ಮಾಡಿದ್ದು. ಅದೇ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸರ್ಫೇಸ್ ಮಾರಲು ಶುರು ಮಾಡಿದ್ದು. ಮರುವರ್ಷ ಮಾರಾಟವಾಗದ ಸರ್ಫೇಸ್ ಆರ್‌ಟಿಗಳ ಲೆಕ್ಕದಲ್ಲಿ ಆ ಕಂಪನಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡದ್ದು. 2015ರಲ್ಲಿ ಆಪಲ್ಲೂ ಐಪ್ಯಾಡ್ ಪ್ರೋಗೆ ಕೀಬೋರ್ಡು, ಪೆನ್ನು ಮಾರತೊಡಗಿತು ಎನ್ನುವಲ್ಲಿಗೆ ಬಂದರೆ ಭಾವ ಮೊಣಕಾಲು ತಟ್ಟಿಕೊಂಡು ನಗುತ್ತಾರೆ. "ಟೋಸ್ಟರಿಗೆ ಫ್ರಿಜ್ಜು ಬಂತಲ್ರೀ!"

ಸಿಂಪ್ಯೂಟರಿನ ವಿಷಯಕ್ಕೆ ಮಾತ್ರ ನಗುವುದಿಲ್ಲ. ಐಐಎಸ್‌ಸಿಯ ವಿಜ್ಞಾನಿಗಳೂ ಸೇರಿ ನಮ್ಮ ಬೆಂಗಳೂರಲ್ಲೇ ರೂಪಿಸಿದ್ದು, ಕಡ್ಡಿಯಲ್ಲಿ ಮುಟ್ಟಿ ಬಳಸುವ ಅಂಗೈಯಗಲದ ಕಂಪ್ಯೂಟರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಮಾರುಕಟ್ಟೆಗೆ ಬಂದಾಗ ಭಾವ ಅದನ್ನು ತಮಗೇ ಅಂತ ಕೊಳ್ಳಲು ಹೊರಟಿದ್ದರಂತೆ.

"ಮತ್ತೆ?"

"ಒಂದು ವರ್ಷ ತಡೆದರೆ ಬೆಲೆ ಇಳಿಯುತ್ತೆ ಅಂದ್ಕೊಂಡೆ." ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ಅದೇ ನಿಂತುಹೋಯ್ತು."

ಒಂದು ಶನಿವಾರ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದೆವು. ಕೇಬಲ್ ಸುರುಳಿ, ಪ್ರಿಂಟರ್ ಡಬ್ಬ, ಹ್ಯಾಂಡ್‌ಕಾರ್ಟ್ ದಾಟಿ ಮೊದಲನೇ ಮಹಡಿಯ ಒಂದು ಅಂಗಡಿ. ಹುಡುಗ ಚುರುಕಾಗಿದ್ದ. ಬಿಚ್ಚುವ ಜಾತಿಯದೊಂದನ್ನು ಮುಂದಿಟ್ಟು, "ಸರ್, ವೆಯ್ಟೇ ಇಲ್ಲ ಸರ್ ಇದಕ್ಕೆ," ಅಂದ. ಅವನ ಗ್ರಹಚಾರ.

ಭಾವ ಚೀಲಕ್ಕೆ ಕೈ ಹಾಕಿ ಸೂಟ್‌ಕೇಸ್ ತೂಗುವ ಕೊಕ್ಕೆತಕ್ಕಡಿ ತೆಗೆದರು. ಮಗಳು ಅಮೆರಿಕಕ್ಕೆ ಓದಲು ಹೋಗುವಾಗ ಕೊಂಡದ್ದು. 23 ಕಿಲೋ ಮೀರಬಾರದಲ್ಲ. ಅಂಗಡಿಯ ಕಂಪ್ಯೂಟರನ್ನು ಬಟ್ಟೆಚೀಲಕ್ಕೆ ಇಳಿಸಿ, ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದರು. ಅಂಗಡಿಯಲ್ಲಿ ಮಾತು ನಿಂತಿತು. ಹುಡುಗ ಎರಡೂ ಕೈಯನ್ನು ಬೊಗಸೆ ಮಾಡಿ ಚೀಲದ ಕೆಳಗೆ ಹಿಡಿದ.

"ಎಷ್ಟು ಅಂದೆಯಪ್ಪ?"

"ಏಳ್ನೂರ ಎಂಬತ್ತು ಗ್ರಾಂ ಸರ್."

"ಕೀಬೋರ್ಡು ಹಾಕು."

ಹಾಕಿದ. "ಚಾರ್ಜರ್ ಹಾಕು." ಹಾಕಿದ. "ಪೆನ್ನು?"

"ಅದು ಸಪರೇಟ್ ಸರ್."

"ಕೀಬೋರ್ಡು?"

"ಅದೂ ಸಪರೇಟೇ ಸರ್."

ಭಾವ ನನ್ನ ಕಡೆ ತಿರುಗಿದರು. ಮುಖದಲ್ಲಿ ಗೆದ್ದ ಸಂತೋಷಕ್ಕಿಂತ ಹೆಚ್ಚಾಗಿ, ಒಬ್ಬ ಮೂರ್ಖನನ್ನು ಹಳ್ಳಕ್ಕೆ ಬೀಳದಂತೆ ಹಿಡಿದ ಆಯಾಸವಿತ್ತು. "ಚೀಲದ ತೂಕ ನೂರ ಇಪ್ಪತ್ತು ಕಳೆದರೂ ಒಂದೂಕಾಲು ಕಿಲೋ ದಾಟಿತು. ಮಾಮೂಲಿ ಲ್ಯಾಪ್‌ಟಾಪೇ ಒಂದೂಕಾಲು ಕಿಲೋಗೆ ಸಿಗುತ್ತೆ. ಅದರಲ್ಲಿ ಕೀಬೋರ್ಡ್‌ಗೆ ಬೇರೆ ದುಡ್ಡು ಕೇಳಲ್ಲ." ಮತ್ತೆ ಹುಡುಗನಿಗೆ: "ರ್‍ಯಾಮ್ ಆಮೇಲೆ ಹಾಕಿಸಬಹುದಾ?" ಆಗುವುದಿಲ್ಲ, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. "ಗ್ಲಾಸ್ ಒಡೆದರೆ?" ಅಂಟು ಕಾಯಿಸಿ ಬಿಡಿಸಬೇಕು. ನಾನು ಹೇಗೋ ಧೈರ್ಯ ಮಾಡಿ ನನ್ನ ಪ್ರಶ್ನೆಯನ್ನೂ ತೂರಿಸಿದೆ: ನುಡಿ ಹಾಕಬಹುದೇ? ಹಳೆಯ ನುಡಿಯಲ್ಲಿ ಬರೆದ ಹದಿನೈದು ವರ್ಷದ ಕಡತಗಳಿವೆ. ಆ ಅಕ್ಷರ ಇಲ್ಲದ ಯಂತ್ರದಲ್ಲಿ ತೆರೆದರೆ ನನ್ನ ಲಲಿತ ಪ್ರಬಂಧಗಳೆಲ್ಲ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಹುಡುಗ, "ನುಡಿ ಅಂದ್ರೆ ಯಾವ ಕಂಪನಿ ಸರ್?" ಅಂದ.

ಅಲ್ಲಿಗೆ ಮಾಮೂಲಿ ಲ್ಯಾಪ್‌ಟಾಪೇ ಸರಿ ಅಂತ ನಾನು ತೀರ್ಮಾನಿಸಿ ಕಾರ್ಡು ತೆಗೆದೆ. ಭಾವ ನನ್ನ ಮಣಿಕಟ್ಟು ಹಿಡಿದರು.

"ಇನ್ನೊಂದು ತಿಂಗಳು ತಡೀರಿ. ಹೊಸ ಚಿಪ್ ಬರ್ತಾ ಇದೆ."

ಆ ತಿಂಗಳು ಚಿಪ್ಪು, ಮುಂದಿನ ತಿಂಗಳು ಆಷಾಢದ ರಿಯಾಯಿತಿ, ಆಮೇಲೆ ಗಣೇಶ ಹಬ್ಬ, ಆಮೇಲೆ ದಸರಾ. ನಾನು ಲೇಖನಗಳನ್ನು ಕೈಯಲ್ಲಿ ಬರೆದು, ಫೋಟೋ ಹೊಡೆದು ಕಳಿಸುತ್ತಿದ್ದೆ. ನನ್ನ ಕೈಬರಹ ಹೀಗಾಗಲು ಪಾರ್ಶ್ವವಾಯು ಏನಾದರೂ ಆಯಿತೇ ಅಂತ ಸಂಪಾದಕರು ಫೋನು ಮಾಡಿ ವಿಚಾರಿಸಿದರು. ಅಂದು ಸಂಜೆಯೇ ಕಳ್ಳನಂತೆ ಮನೆ ಹತ್ತಿರದ ಅಂಗಡಿಗೆ ಹೋಗಿ, ಹದಿನೈದು ನಿಮಿಷದಲ್ಲಿ ಒಂದು ಸಾದಾ ಲ್ಯಾಪ್‌ಟಾಪ್ ಕೊಂಡು ತಂದೆ. ಭಾವ ಬಂದರು, ತೂಗಿದರು, "ಪರವಾಗಿಲ್ಲ," ಅಂದರು. ಕಾಫಿ ಬೇಡ ಅಂದರು.

ಮೂರು ವಾರ ಬರಲಿಲ್ಲ. ಮನೆ ಇಷ್ಟು ಶಾಂತವಾಗಿರುತ್ತದೆ ಅಂತ ಮರೆತೇ ಹೋಗಿತ್ತು. ನಾಲ್ಕನೇ ವಾರ ಆ ಶಾಂತಿ ಕಿರಿಕಿರಿ ಮಾಡತೊಡಗಿತು. ನಾನೇ ಹೋದೆ.

ಭಾವ ಊಟದ ಮೇಜಿನ ಮೇಲಿದ್ದ ತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಮಗಳು ಇಂಜಿನಿಯರಿಂಗ್ ಓದುವಾಗ ಬಳಸಿದ್ದು. ಮುಚ್ಚಳದ ಮೇಲೆ ಅವಳ ಕಾಲೇಜು ಉತ್ಸವದ ಸ್ಟಿಕ್ಕರು, ಅರ್ಧ ಕಿತ್ತಿದೆ. ಒಂದು ಕೀಲು ಮುರಿದಿದ್ದರಿಂದ ಪರದೆಯನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿದ್ದರು. ಜಾಡಿ ಹಿಂದೆ ಸರಿದರೆ ಪರದೆ ಆರುತ್ತದೆ, ಮುಂದೆ ಬಂದರೆ ಹತ್ತುತ್ತದೆ. ಅದರಲ್ಲಿ ರಾತ್ರಿ ಒಂಬತ್ತೂವರೆಗೆ ಮಗಳ ಮುಖ ಬರುತ್ತದೆ. ಇಷ್ಟು ವರ್ಷ ಊರಿಗೆಲ್ಲ ಕಂಪ್ಯೂಟರ್ ಕೊಡಿಸಿದ ಮನುಷ್ಯ ತನಗೊಂದು ಯಾಕೆ ಕೊಳ್ಳಲಿಲ್ಲ ಅಂತ ಕೇಳಬೇಕೆಂದಿದ್ದೆ. ಸ್ಟಿಕ್ಕರಿನ ಎದ್ದ ಅಂಚನ್ನು ಅವರು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತಿದ್ದರು. ಕೇಳಲಿಲ್ಲ. "ಭಾವ, ನಮ್ಮನೇ ಫ್ರಿಜ್ಜು ಯಾಕೋ ಸದ್ದು ಮಾಡ್ತಿದೆ," ಅಂದೆ. ನೋಟ್‌ಬುಕ್ಕು ಹೊರಬಂತು.

ಡಿಸೆಂಬರಿನಲ್ಲಿ ಮಗಳು ಬಂದಳು, ಅಪ್ಪನಿಗೆ ಒಂದು ಟೂ ಇನ್ ಒನ್ ತಂದಳು. ಭಾವ ಅದನ್ನು ಒಗೆದ ಟವೆಲ್ಲಿನ ಮೇಲೆ ಇಟ್ಟು ನನಗೆ ಹೇಳಿ ಕಳಿಸಿದರು. ಎಷ್ಟೋ ಟೂ ಇನ್ ಒನ್‌ಗಳ ಗುಣದೋಷ ಬಲ್ಲ ಮನುಷ್ಯ ಇದನ್ನು ಮುಟ್ಟುತ್ತಲೇ ಇರಲಿಲ್ಲ. ತೋರಿಸೋಣ ಅಂತ ನಾನು ಪರದೆ ಹಿಡಿದು ಎಳೆದೆ. ಬರಲಿಲ್ಲ. ಇನ್ನೂ ಸ್ವಲ್ಪ ಬಲವಾಗಿ ಎಳೆದೆ.

"ಚಿಕ್ಕಪ್ಪಾ, ಬೇಡಾ! ಅದು ಬಿಚ್ಚೋದಲ್ಲ, ಮಡಚೋದು!"

ಭಾವ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅವಳು ಹೊರಡುವ ಹಿಂದಿನ ದಿನ ಹೋದಾಗ ಹೊಸ ಯಂತ್ರ ಶೋಕೇಸಿನೊಳಗೆ ಕಸೂತಿ ಬಟ್ಟೆ ಹೊದ್ದು ಮಲಗಿತ್ತು. ಜಾಡಿ ಮೇಜಿನ ಮೇಲೆ ತನ್ನ ಜಾಗದಲ್ಲೇ ಇತ್ತು. ಭಾವ ಮಗಳ ಸೂಟ್‌ಕೇಸಿಗೆ ಕೊಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ ಎತ್ತಿ, ಅಂಕಿ ನೋಡಿದರು. 22.6. ಇಳಿಸಿ ಉಸಿರು ಬಿಟ್ಟರು.

"ಇನ್ನೂ ನಾನೂರು ಗ್ರಾಂ ಇದೆ," ಅಂದರು ನನಗೆ. "ಮೂಲೆ ಅಂಗಡಿ ಮುಚ್ಚೋಕೆ ಮುಂಚೆ ಹೋಗಿ ಕೋಡುಬಳೆ ತಗೊಂಡು ಬನ್ನಿ. ಮುನ್ನೂರೈವತ್ತೇ ಸಾಕು. ಅವನು ಕವರಿನ ತೂಕ ಹೇಳಲ್ಲ."