ಪಿಕಳಾರದ ಬಾಣಂತನ

ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ಸರ್ಕಾರಿ ನೌಕರಿಯಿಂದ ನಿವೃತ್ತಿ, ಮಕ್ಕಳು ಹೊರದೇಶದಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ, ಮನೆಯಲ್ಲಿ ಫೈಬರ್ ಇಂಟರ್‌ನೆಟ್. ಹಿಂದೆಲ್ಲ ಇಂಥವರು ಹೋಮಿಯೋಪತಿ ಕಲಿತು ಅಕ್ಕಪಕ್ಕದವರಿಗೆ ಬಿಳಿ ಗುಳಿಗೆ ಹಂಚುತ್ತಿದ್ದರು. ಇಲ್ಲವೇ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಯಾಗಿ ಚರಂಡಿ ಹೂಳಿನ ಬಗ್ಗೆ ಪಾಲಿಕೆಗೆ ಮನವಿಪತ್ರ ಬರೆಯುತ್ತಿದ್ದರು. ಈಗಿನವರು ಹಕ್ಕಿಗೂಡಿಗೆ ಕ್ಯಾಮೆರಾ ಕಟ್ಟಿ ಜಗತ್ತಿಗೆಲ್ಲ ನೇರಪ್ರಸಾರ ಮಾಡುತ್ತಾರೆ. ಮೈಸೂರಿನ ನಮ್ಮ ಬೀದಿಯಲ್ಲಿ ಈ ಹುದ್ದೆ ಪಿಕಳಾರ ರಾಯರದು. ಅವರ ನಿಜವಾದ ಹೆಸರು ಈಗ ಗ್ಯಾಸ್ ಸಿಲಿಂಡರ್ ತರುವವನಿಗೆ ಮಾತ್ರ ನೆನಪಿದೆ.

ಹುಚ್ಚು ಹಿಡಿಸಿದ್ದು ಮಗಳು. ಅವಳಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಅದೇ ರಾಜ್ಯದ ಡೆಕೋರಾ ಎಂಬ ಊರಿನ ಬಿಳಿತಲೆ ಹದ್ದುಗಳ ಗೂಡನ್ನು ರ‍್ಯಾಪ್ಟರ್ ರಿಸೋರ್ಸ್ ಪ್ರಾಜೆಕ್ಟ್‌ನವರು 2011ರಲ್ಲಿ ನೇರಪ್ರಸಾರ ಮಾಡಿದಾಗ, ಲಕ್ಷಾಂತರ ಜನ ಮಾಡುವ ಕೆಲಸ ಬಿಟ್ಟು ಮೊಟ್ಟೆ ನೋಡುತ್ತ ಕೂತಿದ್ದರು. ಅಲ್ಲಿಂದ ರಾಯರು ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕಣಿವೆಗೆ ದಾಟಿದರು. ಅಲ್ಲಿನ ಜಾಕಿ, ಶ್ಯಾಡೋ ಎಂಬ ಹದ್ದಿನ ಜೋಡಿಯನ್ನು ಬೀಗರ ಕಡೆಯವರಷ್ಟು ಹಚ್ಚಿಕೊಂಡರು. 2025ರ ಮಾರ್ಚ್‌ನಲ್ಲಿ ಅವಕ್ಕೆ ಮೂರು ಮರಿಯಾಗಿ, ಹಿಮ ಸುರಿದು ಒಂದು ಹೋದ ದಿನ ರಾಯರು ರಾತ್ರಿ ಊಟ ಬಿಟ್ಟರು. “ಎಷ್ಟು ದಿನ ಸೂತಕ ಅಂತ ಹೇಳಿಬಿಡಿ, ಹಾಲು ಕಮ್ಮಿ ತಗೋತೀನಿ” ಎಂದರು ಅವರ ಮನೆಯವರು.

ಆ ದೊಡ್ಡ ಕ್ಯಾಮೆರಾಗಳ ಹಿಂದೆ ಒಂದು ಶಿಸ್ತಿದೆ. ಹಂಗಾಮು ಶುರುವಾಗುವ ಮೊದಲೇ, ಗೂಡು ಖಾಲಿ ಇದ್ದಾಗಲೇ ಮರ ಹತ್ತಿ ಕ್ಯಾಮೆರಾ ಕಟ್ಟಿ ಇಳಿದುಬಿಡುತ್ತಾರೆ. ಹಕ್ಕಿ ಬಂದ ಮೇಲೆ ಅದು ಕೆಟ್ಟರೆ ಕೆಟ್ಟಿತು, ರಿಪೇರಿಗೆಂದು ಆ ಕಡೆ ತಲೆ ಹಾಕುವುದಿಲ್ಲ. ನಮ್ಮ ರಾಯರ ಪದ್ಧತಿ ಬೇರೆ. ಮೊದಲು ಮೊಟ್ಟೆ, ಆಮೇಲೆ ಕ್ಯಾಮೆರಾ.

ಏಪ್ರಿಲ್‌ನಲ್ಲಿ ಅವರ ಊಟದ ಮನೆ ಕಿಟಕಿಯಾಚೆಯ ದಾಸವಾಳದಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿತು. ಒಣಹುಲ್ಲು, ಬೇರಿನ ಎಳೆ, ಜೇಡರ ಬಲೆ, ಜೊತೆಗೆ ರಾಯರ ಮನೆಯದೇ ಹಾಲಿನ ಕವರಿನ ಒಂದು ಚೂರು. ಒಳಗೆ ನಸುಗೆಂಪು ಚುಕ್ಕಿಯ ಎರಡು ಮೊಟ್ಟೆ. ಒಂದು ಎಲೆ ಮಾತ್ರ ಅಡ್ಡ ಬರುತ್ತಿತ್ತು. ರಾಯರು ಕತ್ತರಿ ತಂದರು. ಎದುರುಮನೆ ವಕೀಲರು ಕಾಂಪೌಂಡಿನ ಆಚೆಯಿಂದಲೇ, “ರಾಯರೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿದ್ದೀರಾ? ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಟ್ಟರೆ ಅದೂ ಬೇಟೆ ಅನ್ನೋ ವ್ಯಾಖ್ಯೆಯೊಳಗೇ ಬರುತ್ತೆ” ಎಂದರು. ಈರುಳ್ಳಿಯನ್ನೂ ಮುಟ್ಟದ ರಾಯರಿಗೆ ತಾವು ಬೇಟೆಗಾರರಾಗುವ ಯೋಗ ಕಂಡು ಕೈ ನಡುಗಿತು. ಕತ್ತರಿ ಬಿಟ್ಟು, ಎಲೆಯನ್ನು ದಾರದಲ್ಲಿ ಪಕ್ಕಕ್ಕೆ ಎಳೆದು ಕಟ್ಟಿದರು. ಅದೇ ಎಲೆ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತಿತ್ತು ಎಂಬುದು, ಕಾವಿಗೆ ಕೂತ ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡತೊಡಗಿದಾಗ ಗೊತ್ತಾಯಿತು. ಆ ಎಲೆಯ ಮರೆಯಲ್ಲೇ ಗೂಡು ಕಾಗೆಗಳ ಕಣ್ಣಿಗೂ ಬೀಳದೆ ಉಳಿದಿತ್ತು. ದಾರ ಬಿಚ್ಚಿದವರು ಮನೆಯವರು. ರಾಯರು ಆಗ ಯೂಟ್ಯೂಬ್‌ನಲ್ಲಿ ಖಾತೆ ತೆರೆಯುತ್ತಿದ್ದರು.

ಮೊದಲು ಹಳೆಯ ಮೊಬೈಲನ್ನೇ ಕಿಟಕಿ ಸರಳಿಗೆ ಕಟ್ಟಿ ಪ್ರಸಾರ ಮಾಡುವ ಯೋಜನೆ. ಮೊಬೈಲಿನಿಂದ ನೇರಪ್ರಸಾರ ಮಾಡಬೇಕಾದರೆ ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರು ಬೇಕು. ರಾಯರು ಗಣೇಶನ ಚಂದಾ ಎತ್ತುವವರ ಹಾಗೆ ಮನೆಮನೆಗೆ ಹೋದರು. ಇಸ್ತ್ರಿ ಅಂಗಡಿಯವನು, ಪೇಪರ್ ಹುಡುಗ, ರಕ್ತ ಪರೀಕ್ಷೆಗೆ ಬರುವ ಲ್ಯಾಬಿನ ಹುಡುಗಿ, ಎಲ್ಲರ ಫೋನನ್ನೂ ತಾವೇ ಇಸಿದುಕೊಂಡು ಬಟನ್ ಒತ್ತಿದರು. ಐವತ್ತಾಯಿತು. ಆಗ ಯೂಟ್ಯೂಬ್, ಮೊದಲ ಸಲವಾದ್ದರಿಂದ ಅನುಮತಿಗೆ 24 ಗಂಟೆ ಹಿಡಿಯಬಹುದು ಎಂದಿತು. ಪಿಕಳಾರದ ಮರಿಗಳಿಗೆ ಅಷ್ಟು ವ್ಯವಧಾನವಿರಲಿಲ್ಲ. ಆ ರಾತ್ರಿಯೇ ಮೊಟ್ಟೆ ಒಡೆದು ಹೊರಬಂದವು.

ಅನುಮತಿ ಬಂದ ಮೇಲೂ ಮೊಬೈಲ್ ಬಿಸಿಲಿಗೆ ಕಾದು ತಾನೇ ಆಫ್ ಆಗುತ್ತಿತ್ತು. ಕೊನೆಗೆ ಸಿಸಿಟಿವಿ ಹುಡುಗನನ್ನು ಕರೆಸಿದರು. ಅವನು ಏಣಿ ಹಾಕಿ, ಡ್ರಿಲ್ ಹಿಡಿದು, “ಸಾರ್, ಇಲ್ಲಿಂದ ಗೇಟ್ ಕಾಣಲ್ವಲ್ಲ” ಎಂದ. ಗೇಟ್ ಬೇಡ, ಗೂಡು ಬೇಕು ಎಂದು ತಿಳಿಹೇಳುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಡ್ರಿಲ್ ಬೇಡವೆಂದು ಮನೆಯವರು ಹಟ ಹಿಡಿದದ್ದರಿಂದ ಕ್ಯಾಮೆರಾವನ್ನು ಒಳಗಿನಿಂದಲೇ ಕಿಟಕಿ ಚೌಕಟ್ಟಿಗೆ ಬಿಗಿದದ್ದಾಯಿತು. ಇಡೀ ಯೋಜನೆಯಲ್ಲಿ ನಾನು ಕಂಡ ಏಕೈಕ ಬುದ್ಧಿವಂತಿಕೆ ಅದು.

ಅಂದು ರಾತ್ರಿ ಎರಡು ಗಂಟೆಗೆ ಶಿವಮೊಗ್ಗದಿಂದ ಅವರ ಅಕ್ಕನ ಫೋನು. “ಹಾವು ಬಂದಿದೆ ಕಣೋ, ಏಳೋ!” ರಾಯರು ಪಂಚೆ ಕಟ್ಟಿಕೊಂಡು, ಟಾರ್ಚು, ಕೋಲು ಹಿಡಿದು ಓಡಿದರು. ಹಾವಿಲ್ಲ. ಕತ್ತಲಲ್ಲಿ ಕ್ಯಾಮೆರಾದ ಸುತ್ತ ಹುಳ ಸುಳಿದಾಡಿ, ಹುಳದ ಆಸೆಗೆ ಜೇಡ ಬಂದು ಲೆನ್ಸಿನ ಮುಂದೆಯೇ ಒಂದು ಎಳೆ ಎಳೆದಿತ್ತು. ನಮ್ಮ ಕಣ್ಣಿಗೆ ಕಾಣದ ಆ ಎಳೆ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತ, ಗಾಳಿಗೆ ಬಳುಕುತ್ತ ಹೆಬ್ಬಾವಿನಷ್ಟು ದಪ್ಪ ಕಾಣುತ್ತಿತ್ತು. ಟಾರ್ಚಿನ ಬೆಳಕಿಗೆ ಹಕ್ಕಿಯೂ ಎದ್ದು ಕೂತಿತು. ಅಕ್ಕ ಫೋನಿನಲ್ಲೇ, “ಈಗ ಯಾರೋ ಗಡ್ಡದವನು ಬಂದಿದ್ದಾನೆ, ಕಳ್ಳನ ಥರ ಇದ್ದಾನೆ” ಎಂದು ವೀಕ್ಷಕ ವಿವರಣೆ ಮುಂದುವರಿಸಿದರು.

ಅಕ್ಕನ ನಿಷ್ಠೆಗೆ ಬೇರೆ ಕಾರಣವಿತ್ತು. ಆ ಕ್ಯಾಮೆರಾದಲ್ಲಿ ಮೈಕೂ ಇದೆ ಎಂಬುದನ್ನು ರಾಯರು ಗಮನಿಸಿರಲಿಲ್ಲ. ಪಿಕಳಾರದ ಕೂಗಿನ ಜೊತೆಗೆ ಅವರ ಅಡುಗೆಮನೆಯೂ ಪ್ರಸಾರವಾಗುತ್ತಿತ್ತು. ಇವತ್ತು ಯಾವ ಹುಳಿ, ಯಾರ ಮದುವೆಗೆ ಎಷ್ಟು ಮುಯ್ಯಿ, ಶಿವಮೊಗ್ಗದವರು ಆಸ್ತಿ ಪಾಲಿನ ದಿನ ಆಡಿದ ಮಾತು, ಎಲ್ಲವೂ. ವೀಕ್ಷಕರು ಇಪ್ಪತ್ತು ಮೂವತ್ತು ಜನ, ಎಲ್ಲರೂ ಸಂಬಂಧಿಕರೇ. ಒಂದು ಬೆಳಿಗ್ಗೆ ಅಕ್ಕ ಚಾಟ್‌ನಲ್ಲಿ, “ನಾನು ಹಾಗೆ ಅಂದೇ ಇಲ್ಲ” ಎಂದು ಬರೆದಾಗಲೇ ವಿಷಯ ಬಯಲಾದದ್ದು. ಅಂದಿನಿಂದ ರಾಯರ ಮನೆಯವರು ಅಡುಗೆಮನೆಯಲ್ಲಿ ಆಕಾಶವಾಣಿಯ ವಾರ್ತಾವಾಚಕಿಯಷ್ಟು ತೂಕವಾಗಿ ಮಾತಾಡುತ್ತಾರೆ.

ಮೈಕಿನ ಜೊತೆಗೆ ಸ್ಪೀಕರೂ ಇದೆ ಎಂದು ತಿಳಿದಾಗ ರಾಯರು ಮೈಮರೆತರು. ಕಾಗೆಯೊಂದು ಕಾಂಪೌಂಡಿನ ಮೇಲೆ ಕೂತು ಗೂಡಿನತ್ತ ಕತ್ತು ಓರೆ ಮಾಡಿದ್ದನ್ನು ಪರದೆಯಲ್ಲಿ ಕಂಡವರೇ ಫೋನಿಗೆ ಬಾಯಿಟ್ಟು, “ಹೋಯ್! ಹಚಾ!” ಎಂದು ಅರಚಿದರು. ಆ ಶಬ್ದ ಗೂಡಿನ ಮಗ್ಗುಲಲ್ಲೇ ಹೊರಟಿತು. ಕಾಗೆ ಹಾರಿತು. ಪಿಕಳಾರಗಳೂ ಹಾರಿದವು. ಅವು ತಂತಿಯ ಮೇಲೆ ಕೂತು ಬೈಯುತ್ತಿರುವಾಗಲೇ ಕಾಗೆ ನಿಧಾನವಾಗಿ ಮತ್ತೆ ಕಾಂಪೌಂಡಿಗೆ ಬಂತು. ಆಗ ಮನೆಯವರೇ ಹೊರಬಂದು, ಒಣಗಿಸುತ್ತಿದ್ದ ಟವೆಲ್ಲನ್ನು ಒಂದು ಸಲ ಜಾಡಿಸಿ ಕಾಗೆಯನ್ನು ಓಡಿಸಿ, ಒಂದು ಮಾತೂ ಆಡದೆ ಒಳಗೆ ಹೋದರು. ಮೈಕು ಆನ್ ಇತ್ತು.

ಇಷ್ಟರ ನಡುವೆಯೂ ಆ ಪರದೆಯಲ್ಲಿ ನೋಡುವಂಥದ್ದು ಇತ್ತು, ನಾನೂ ಕದ್ದು ನೋಡಿದ್ದೇನೆ. ಕಣ್ಣು ತೆರೆಯದ, ತುಪ್ಪಳವಿಲ್ಲದ, ಬಾಯಿ ಮಾತ್ರ ಇರುವ ಎರಡು ಮಾಂಸದ ಮುದ್ದೆ. ಗಂಡು, ಹೆಣ್ಣು ಎರಡೂ ಸರದಿಯ ಮೇಲೆ ಹಸಿರು ಹುಳ ತರುತ್ತವೆ, ದಿನ ಕಳೆದಂತೆ ಗಸಗಸೆ ಹಣ್ಣು. ತುತ್ತು ನುಂಗಿದ ಮರಿ ತಿರುಗಿ ಹಿಂಭಾಗ ಎತ್ತುತ್ತದೆ. ಬರುವ ಹಿಕ್ಕೆ ತೆಳುವಾದ ಪೊರೆಯೊಳಗೆ ಪೊಟ್ಟಣ ಕಟ್ಟಿದ ಹಾಗಿರುತ್ತದೆ. ಹೆತ್ತವರು ಅದನ್ನು ಕೊಕ್ಕಿನಲ್ಲಿ ಎತ್ತಿ ದೂರ ಬಿಸಾಡಿ ಬರುತ್ತವೆ, ಕೆಲವೊಮ್ಮೆ ತಿಂದೂ ಬಿಡುತ್ತವೆ. ಗೂಡು ಮಾತ್ರ ಚೊಕ್ಕಟ.

“ನೋಡಿದ್ಯಾ ಇವಳೇ, ಗಂಡು ಎಷ್ಟು ಮುತುವರ್ಜಿಯಿಂದ ಬಾಣಂತನ ಮಾಡ್ತಿದೆ!” ಎಂದು ರಾಯರು ಕರಗಿದರು.

“ನೋಡ್ದೆ. ನನ್ನ ಹೆರಿಗೆ ದಿನ ನಿಮ್ಮ ಆಫೀಸಿನಲ್ಲಿ ಇನ್‌ಸ್ಪೆಕ್ಷನ್ ಇತ್ತು. ಪುಣ್ಯಾಹದ ದಿನ ಹೋಳಿಗೆ ಊಟದ ಹೊತ್ತಿಗೆ ಹಾಸನಕ್ಕೆ ಬಂದಿರಿ.”

ಇದೂ ಪ್ರಸಾರವಾಯಿತು. ಅಯೋವಾದಿಂದ ಮಗಳು ನಗುಮುಖದ ಚಿಹ್ನೆ ಹಾಕಿದಳು. ಶಿವಮೊಗ್ಗದ ಅಕ್ಕ ಕೂಡ, ಆಸ್ತಿ ವಿಷಯ ಮರೆತು, ನಾದಿನಿಯ ಪರ ನಿಂತರು.

ಸುಮಾರು ಹನ್ನೆರಡು ದಿನಕ್ಕೆ ಮರಿಗಳು ಗೂಡು ಬಿಟ್ಟವು. ಪಿಕಳಾರದ ಮರಿಗಳಿಗೆ ಆಗಿನ್ನೂ ಬಾಲ ಬಂದಿರುವುದಿಲ್ಲ, ಹಾರಾಟವೂ ಅಷ್ಟಕ್ಕಷ್ಟೆ. ಗಿಡದಿಂದ ಗಿಡಕ್ಕೆ ಕುಪ್ಪಳಿಸುತ್ತ ಇರುತ್ತವೆ, ಹೆತ್ತವರು ಅಲ್ಲಿಗೇ ಗುಟುಕು ತಂದುಕೊಡುತ್ತವೆ. “ಮರಿ ಬಿದ್ದಿದೆ, ಎತ್ತಿ ಗೂಡಿಗೆ ಇಡಿ” ಎಂದು ದೇಶವಿದೇಶಗಳಿಂದ ಫೋನು. ರಾಯರು ಎದ್ದರು. ಮನೆಯವರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಸೋಸುತ್ತ ಕೂತರು. ಮರಿಗಳು ಸಂಜೆಯೊಳಗೆ ವಕೀಲರ ಮನೆಯ ಕರಿಬೇವು ಸೇರಿದವು.

ಈಗ ಮಗಳಿಗೇ ದಿನ ತುಂಬುತ್ತಿದೆ. ಮನೆಯವರು ಆರು ತಿಂಗಳಿಗೆ ಹೊರಡಬೇಕು. ಚಟ್ನಿಪುಡಿ, ಬಾಣಂತಿ ಲೇಹ್ಯ ಎಲ್ಲ ಕಟ್ಟಾಗಿದೆ. “ನೀವೂ ಬನ್ನಿ, ನಿಮಗೂ ಈಗ ಅನುಭವ ಆಗಿದೆಯಲ್ಲ” ಎಂದರು. ರಾಯರು ತುಂಬ ಹೊತ್ತು ಯೋಚಿಸಿ, ಮಗಳ ಮನೆಯಿಂದ ಡೆಕೋರಾ ಎಷ್ಟು ದೂರ ಎಂದು ಕೇಳಿದರು.

“ಕಾರಲ್ಲಿ ಮೂರು ಗಂಟೆ ಮೇಲಾಗುತ್ತಂತೆ. ಮೊದಲು ಮಗೂಗೆ ಲಂಗೋಟಿ ಕಟ್ಟೋದು ಕಲೀರಿ.”