ಮದ್ದಿನ ಅಂಗಿಗೆ ಜಪಾನಿನ ಮರ್ಯಾದೆ

ಉತ್ತರ ಜಪಾನಿನ ಚಳಿಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಅಲ್ಲಿಯ ರೈತರು ಸಿಕ್ಕ ಚಿಂದಿಯನ್ನೆಲ್ಲ ಒಂದರ ಮೇಲೊಂದಿಟ್ಟು ಹೊಲಿದು ಮೈ ಬೆಚ್ಚಗಿಟ್ಟುಕೊಂಡರು. ನೀಲಿ ಬಟ್ಟೆಗೆ ಬಿಳಿ ನೂಲಿನ ಆ ಹೊಲಿಗೆ ಸಾಶಿಕೊ. ತೇಪೆಯ ಮೇಲೆ ತೇಪೆ ಬಿದ್ದ ಬಟ್ಟೆ ಬೊರೊ. ಬಡತನದ ಆ ಅಂಗಿಗಳೀಗ ಮ್ಯೂಸಿಯಮ್ಮಿನ ಗಾಜಿನೊಳಗಿವೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ತೋಟದವರಿಗೆ ಇದರಲ್ಲಿ ಹೊಸತೇನುಂಟು ಮಾರಾಯ್ರೆ? ಕೊಳೆರೋಗಕ್ಕೆ ಬೋರ್ಡೋ ಬಿಡುವಾಗ ಹಾಕುವ ಮದ್ದಿನ ಅಂಗಿ ನಮ್ಮಲ್ಲಿ ಹಟ್ಟಿ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಮೈಲುತುತ್ತಿನ ನೀಲಿ, ಸುಣ್ಣದ ಬಿಳಿ, ಅಡಿಕೆ ಚೊಗರಿನ ಕಂದು, ಎಲ್ಲ ಪುಕ್ಕಟೆ. 1910ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಈ ಮದ್ದು ಹೇಳಿಕೊಟ್ಟ ಕೋಲ್ಮನ್ ಸಾಹೇಬರಿಗೆ, ತಾನು ವಸ್ತ್ರವಿನ್ಯಾಸವನ್ನೂ ಕಲಿಸುತ್ತಿದ್ದೇನೆಂದು ಗೊತ್ತಿರಲಿಕ್ಕಿಲ್ಲ.

ಬೆಂಗಳೂರಿನಲ್ಲಿ ಫ್ಯಾಷನ್ ಓದುವ ತಂಗಿ ಮಗಳು ರಜೆಗೆ ಬಂದವಳು ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಎತ್ತಿಕೊಂಡಳು. ನಾವು ಕೋಲಿನಿಂದ ಎತ್ತುವುದು.

“ಮಾವ, ಈ ಮೊಣಕೈ ತೇಪೆ ಯಾರು ಹಾಕಿದ್ದು?”

“ನಿನ್ನ ಅತ್ತೆ. ಹಳೆ ಬೈರಾಸಿನ ತುಂಡು.”

“ಸೂಪರ್! ಇದನ್ನು ಒಗೀಲೇಬೇಡಿ.”

“ಒಗೆದದ್ದು ಯಾವಾಗ?”

ಉತ್ತರ ಕರ್ನಾಟಕದ ಕೌದಿ, ಯಲ್ಲಾಪುರ-ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿ ಎಲ್ಲ ಇದೇ ಬಳಗವಂತೆ. ನಮ್ಮ ಈ ಸೆಕೆಗೆ ಕೌದಿ ಹೊದೆಯುವವರು ಯಾರು? ಆದರೂ ಒಂದು ಮಾತು: ತೇಪೆ ಕಾಣದಂತೆ ಹೊಲಿದರೆ ನಮ್ಮ ಟೈಲರ್ ಜಾಣ, ಕಾಣುವಂತೆ ಹೊಲಿದರೆ ಜಪಾನಿನವ ಕಲಾವಿದ. ನ್ಯಾಯವೇ?

ಇಂಥ ಅಂಗಿಗೆ ಪೇಟೆಯಲ್ಲಿರುವ ಕ್ರಯವನ್ನು ಹುಡುಗಿ ಹೇಳಿದ್ದೇ ತಡ, ನನ್ನ ಹೆಂಡತಿ ಕಪಾಟು ತೆಗೆದಳು. ಈ ಸಲ ಮದ್ದು ಬಿಡಲಿಕ್ಕೆ ನನ್ನ ಮದುವೆಯ ಸಫಾರಿ ಸೂಟು ಹೊರಗೆ ಬಂದಿದೆ.